ಕಾಂಟ್ರಾಕ್ಟರ್ ಬದಲಾಗುತ್ತಿದ್ದಾನೆ: ಮಾರ್ಚ್ 31ರ ರಾತ್ರಿಗೆ ಮುಂಚೆ ಮಾಡಬೇಕಾದ ಕೆಲಸ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಅಣ್ಣಾ, ಟೆಂಡರ್ ಬೇರೆಯವರಿಗೆ ಆಗಿದೆಯಂತೆ. ಒಂದನೇ ತಾರೀಖಿನಿಂದ ಹೊಸ ಏಜೆನ್ಸಿ. ನಮ್ಮನ್ನ ಇಟ್ಟುಕೊಳ್ತಾರೋ ಇಲ್ಲವೋ?" ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಆಸ್ಪತ್ರೆಯ ವಾರ್ಡ್ ಸಹಾಯಕರು, ಕಾರ್ಖಾನೆಯ ಲೋಡಿಂಗ್‌ನವರು ಎಲ್ಲರದೂ ಇದೇ ಪ್ರಶ್ನೆ. ಹೆಚ್ಚಿನವರು ಕೇಳುವುದು ಮಾರ್ಚ್ 28, 29ಕ್ಕೆ. ಜನವರಿಯಲ್ಲಿ ಕೇಳಿದ್ದರೆ ಅರ್ಧ ಕೆಲಸ ಸುಲಭವಾಗಿರುತ್ತಿತ್ತು.

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗುತ್ತಿಗೆದಾರನ ಕೆಲಸಗಾರರನ್ನು ಹೊಸಬ ಕಡ್ಡಾಯವಾಗಿ ತೆಗೆದುಕೊಳ್ಳಲೇಬೇಕು ಎನ್ನುವ ಕಾನೂನು ಭಾರತದಲ್ಲಿಲ್ಲ. ಬ್ರಿಟನ್ನಿನಲ್ಲಿದೆ. ಅಲ್ಲಿ 2006ರ ನಿಯಮಗಳ ಪ್ರಕಾರ ಸೇವೆಯ ಗುತ್ತಿಗೆ ಕೈ ಬದಲಾಯಿಸಿದರೆ ಕೆಲಸಗಾರರೂ ಹಳೆಯ ಸಂಬಳ, ಹಳೆಯ ಸೇವಾವಧಿ ಸಮೇತ ಹೊಸಬನ ಕಡೆ ಹೋಗುತ್ತಾರೆ. ನಮ್ಮಲ್ಲಿ 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕರು ತಾನಾಗಿ ಕಂಪನಿಯ ನೌಕರರಾಗಿಬಿಡುವುದಿಲ್ಲ ಎಂದಿತು. ಗುತ್ತಿಗೆ ಬರೀ ಕಣ್ಣಿಗೆ ಮಣ್ಣೆರಚುವ ಕಾಗದವಾಗಿದ್ದರೆ ಮಾತ್ರ ಅವರನ್ನು ಕಂಪನಿಯ ನೇರ ನೌಕರರೆಂದೇ ನೋಡಬೇಕು ಎಂದೂ ಅದೇ ತೀರ್ಪು ಹೇಳಿದೆ.

ಹಾಗಿದ್ದರೆ ಹಿಡಿದುಕೊಳ್ಳಲು ಏನಿದೆ? ಗುತ್ತಿಗೆದಾರ ಬದಲಾಗುತ್ತಾನೆ. ನೀವು ಗುಡಿಸುವ ಕಟ್ಟಡ ಬದಲಾಗುವುದಿಲ್ಲ, ಅದರ ಒಡೆಯನೂ ಬದಲಾಗುವುದಿಲ್ಲ. ಕಾನೂನಿನ ಭಾಷೆಯಲ್ಲಿ ಆತ ಪ್ರಿನ್ಸಿಪಲ್ ಎಂಪ್ಲಾಯರ್, ಮೂಲ ಮಾಲೀಕ. ನಿಮ್ಮ ಪ್ರತಿ ಪತ್ರದಲ್ಲೂ ಪ್ರತಿ ಒಪ್ಪಂದದಲ್ಲೂ ಆತನ ಹೆಸರು ಇರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದರ ಮೇಲೇ ನಿಂತಿವೆ.

ಒಂದು: ಟೆಂಡರಿನಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಸೂಪರ್‌ವೈಸರ್ ಹೇಳಿದ್ದನ್ನು ನಂಬಿ ಕೂರಬೇಡಿ, ಪಾಪ ಅವನ ಕೆಲಸವೇ ತೂಗುಯ್ಯಾಲೆಯಲ್ಲಿರುತ್ತದೆ. ನಿಮಗೆ ಬೇಕಾದದ್ದು ನಾಲ್ಕು ವಿಷಯ: ಈಗಿನ ವರ್ಕ್ ಆರ್ಡರ್ ಮುಗಿಯುವ ದಿನಾಂಕ, ಹೊಸ ಟೆಂಡರಿನಲ್ಲಿ ಕೇಳಿರುವ ತಲೆಗಳ ಸಂಖ್ಯೆ, ಹಳೆಯ ಕೆಲಸಗಾರರನ್ನು ಮುಂದುವರಿಸಬೇಕು ಎಂಬ ಷರತ್ತು ಇದೆಯೋ ಇಲ್ಲವೋ, ಹಳೆಯ ಗುತ್ತಿಗೆದಾರ ಇಟ್ಟಿರುವ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಎಷ್ಟು. ಸರ್ಕಾರಿ ಸಂಸ್ಥೆಯಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ತಟ್ಟುವುದಿಲ್ಲ. ಅಲ್ಲಿ ಎಚ್‌ಆರ್‌ಗೆ ಯೂನಿಯನ್ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಬೇಕು. ಉತ್ತರ ಬರದಿರಬಹುದು, ಆದರೆ ಕೇಳಿದ್ದೇವೆ ಎನ್ನುವುದೇ ಮುಂದೆ ದಾಖಲೆಯಾಗುತ್ತದೆ.

ತಲೆಗಳ ಸಂಖ್ಯೆಯ ಮೇಲೆ ವಿಶೇಷ ಕಣ್ಣಿಡಿ. ಹೋದ ಸಲ 60 ಜನ ಎಂದಿದ್ದ ಜಾಗದಲ್ಲಿ ಈ ಸಲ 48 ಎಂದಿದ್ದರೆ, 12 ಜನರನ್ನು ಬಿಡುವ ತೀರ್ಮಾನ ಕಂಪನಿಯದೇ. ಹೊಸ ಏಜೆನ್ಸಿಯ ಜೊತೆ ಗೇಟಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ.

ಎರಡು: ಪ್ರತಿಯೊಬ್ಬರಿಗೂ ಒಂದು ಕವರ್

ಒಬ್ಬೊಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಕವರ್ ಕೊಡಿಸಿ. ಅದರಲ್ಲಿ ನೇಮಕಾತಿ ಪತ್ರ, ಐಡಿ ಕಾರ್ಡಿನ ಎರಡೂ ಬದಿಯ ಜೆರಾಕ್ಸ್, ಸಿಕ್ಕಷ್ಟು ಪೇ ಸ್ಲಿಪ್, ಸಂಬಳ ಬೀಳುವ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್, ಇಎಸ್‌ಐ ನಂಬರ್. ಮಾರ್ಚ್ 31ಕ್ಕೆ ಐಡಿ ಕಾರ್ಡ್ ಕಿತ್ತುಕೊಳ್ಳುತ್ತಾರೆ, ಬೆರಳಚ್ಚು ಹಾಜರಿ ಅಳಿಸುತ್ತಾರೆ, ಸೂಪರ್‌ವೈಸರ್ ಇದ್ದ ವಾಟ್ಸಾಪ್ ಗ್ರೂಪೂ ಮಾಯವಾಗುತ್ತದೆ. ಡ್ಯೂಟಿ ಹಾಕಿದ ಮೆಸೇಜುಗಳ ಸ್ಕ್ರೀನ್‌ಶಾಟ್ ಅದಕ್ಕೂ ಮುಂಚೆ ತೆಗೆದಿಟ್ಟುಕೊಳ್ಳಿ. ಕಂಪನಿಯ ಅಧಿಕಾರಿ ನೇರವಾಗಿ ಕೆಲಸ ಹೇಳಿದ ಮೆಸೇಜು, ರಜೆ ಮಂಜೂರು ಮಾಡಿದ ಚೀಟಿ ಇದ್ದರಂತೂ ಚಿನ್ನ. ಗುತ್ತಿಗೆ ನಾಮಕಾವಾಸ್ತೆಯೋ ಅಲ್ಲವೋ ಎನ್ನುವ ಪ್ರಶ್ನೆ ಎದ್ದಾಗ ಕೋರ್ಟು ನೋಡುವುದೇ ಇದನ್ನು. ನೇಮಿಸಿದ್ದು ಯಾರು, ಸಂಬಳ ಕೊಟ್ಟದ್ದು ಯಾರು, ಶಿಸ್ತು ಕ್ರಮದ ಅಧಿಕಾರ ಯಾರದು, ನಿಯಂತ್ರಣ ಯಾರದು ಎಂಬ ಅಳತೆಗೋಲುಗಳನ್ನು 2014ರಲ್ಲಿ ಏರ್ ಇಂಡಿಯಾ ಕ್ಯಾಂಟೀನ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಟ್ಟಿಮಾಡಿದೆ.

ಏನೂ ಕಾಗದವಿಲ್ಲ ಎನ್ನುವವರಿಗೆ ಒಂದು ಸಂಗತಿ. ಕೆಲವು ವರ್ಷದ ಹಿಂದೆ ಒಂದು ಆಸ್ಪತ್ರೆಯ ಕ್ಲೀನಿಂಗ್ ಕೆಲಸದ ಅಕ್ಕ ಒಬ್ಬರ ಜೊತೆ ಕಾರ್ಮಿಕ ಅಧಿಕಾರಿಯ ಮುಂದೆ ಕೂತಿದ್ದೆ. ಈಕೆ ವರ್ಷದಲ್ಲಿ 140 ದಿನ ಬಂದಿದ್ದರೆ ಹೆಚ್ಚು ಎಂದು ಏಜೆನ್ಸಿಯವನು ವಾದಿಸುತ್ತಿದ್ದ. ಅಕ್ಕ ಚೀಲದಿಂದ ಸುರುಳಿ ಸುತ್ತಿದ್ದ ನಾಲ್ಕು ಗೋಡೆ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಪ್ರತಿ ಚೌಕದಲ್ಲಿ ಬೆ, ಮ, ರಾ ಎಂದು ಪೆನ್ಸಿಲ್ ಗುರುತು: ಬೆಳಿಗ್ಗೆ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ. ವಾರದ ರಜೆಗೆ ಒಂದು ಅಡ್ಡಗೀಟು. ನಡುನಡುವೆ ಗ್ಯಾಸ್ ಬುಕ್ ಮಾಡಿದ ದಿನ, ಚೀಟಿ ಕಂತು, ಮಗಳ ಜ್ವರ. ಅಧಿಕಾರಿ ಅದನ್ನು ಎರಡು ನಿಮಿಷ ತಿರುವಿ ಹಾಕಿ, "ಗ್ಯಾಸ್ ಬುಕ್ ಮಾಡಿದ್ದನ್ನ ಯಾರೂ ಸುಳ್ಳು ಬರೆಯಲ್ಲ ಕಣ್ರಿ, ನಿಮ್ಮ ಹಾಜರಿಯ ಮಸ್ಟರ್ ರೋಲ್ ತನ್ನಿ" ಎಂದರು. ಮುಂದಿನ ತಾರೀಖಿಗೆ ಏಜೆನ್ಸಿಯವನು ಮಸ್ಟರ್ ರೋಲ್ ತರಲಿಲ್ಲ, ಚೆಕ್ ತಂದ.

ದಿನಗಳ ಲೆಕ್ಕ ಯಾಕೆ ಮುಖ್ಯವೆಂದರೆ, 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದರೆ ಒಂದು ವರ್ಷದ ನಿರಂತರ ಸೇವೆ. ಅಲ್ಲಿಂದಾಚೆಗೆ ಸುಮ್ಮನೆ ಕೈಬೀಸಿ ಕಳಿಸುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು.

ಮೂರು: ಪತ್ರ ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ

ಹಳೆಯ ಗುತ್ತಿಗೆ ಮುಗಿಯಲು ಕನಿಷ್ಠ ಒಂದು ತಿಂಗಳಿರುವಾಗ ಪತ್ರ ಹೋಗಬೇಕು. ವಿಳಾಸ ಮೂಲ ಮಾಲೀಕನದು. ಪ್ರತಿಗಳು ಹಳೆಯ ಗುತ್ತಿಗೆದಾರ, ಹೊಸ ಗುತ್ತಿಗೆದಾರ ಮತ್ತು ಕಾರ್ಮಿಕ ಇಲಾಖೆಗೆ. ಸಾಹಿತ್ಯ ಬೇಡ, ಇಷ್ಟು ಸಾಕು:

"ನಿಮ್ಮ ಸಂಸ್ಥೆಯ ಆವರಣದಲ್ಲಿ ಈ ಕೆಳಗೆ ಹೆಸರಿಸಿದ ಕಾರ್ಮಿಕರು ಅವರವರ ಹೆಸರಿನ ಮುಂದೆ ನಮೂದಿಸಿದ ದಿನಾಂಕದಿಂದ ಸತತವಾಗಿ ಕೆಲಸ ಮಾಡುತ್ತಿದ್ದಾರೆ. ಗುತ್ತಿಗೆದಾರರು ಬದಲಾಗುತ್ತಿದ್ದಾರೆಂದು ತಿಳಿದುಬಂದಿದೆ. ಕೆಲಸದ ಸ್ವರೂಪ ಬದಲಾಗಿಲ್ಲ. ಆದ್ದರಿಂದ ಇವರೆಲ್ಲರನ್ನೂ ಈಗಿನ ಸಂಬಳ ಮತ್ತು ಸೇವಾವಧಿಯೊಂದಿಗೆ ಮುಂದುವರಿಸಬೇಕೆಂದೂ, ಹಾಲಿ ಗುತ್ತಿಗೆದಾರರು ಕಾರ್ಮಿಕರ ಎಲ್ಲ ಬಾಕಿ ತೀರಿಸಿದ ದಾಖಲೆ ಹಾಜರುಪಡಿಸುವವರೆಗೆ ಅವರ ಅಂತಿಮ ಬಿಲ್ ಮತ್ತು ಠೇವಣಿ ಬಿಡುಗಡೆ ಮಾಡಬಾರದೆಂದೂ ಕೋರುತ್ತೇವೆ."

ಕೆಳಗೆ ಪಟ್ಟಿ: ಹೆಸರು, ಮೊದಲು ಕೆಲಸಕ್ಕೆ ಸೇರಿದ ದಿನಾಂಕ, ಆವರೆಗಿನ ಗುತ್ತಿಗೆದಾರರ ಹೆಸರುಗಳು, ಯುಎಎನ್ (ಪಿಎಫ್‌ನ ಗುರುತಿನ ಸಂಖ್ಯೆ). ಗುತ್ತಿಗೆದಾರರ ಹೆಸರುಗಳ ಸಾಲನ್ನು ಬಿಡಬೇಡಿ. ಐದು ಏಜೆನ್ಸಿ ಬಂದುಹೋದರೂ ಅದೇ ಮನುಷ್ಯ ಅದೇ ವಾರ್ಡಿನಲ್ಲಿದ್ದಾನೆ ಎನ್ನುವುದು ಆ ಒಂದು ಸಾಲಿನಲ್ಲೇ ಕಾಣುತ್ತದೆ.

ಕೊಟ್ಟ ಪತ್ರದ ನಕಲಿನ ಮೇಲೆ ಸೀಲು, ಸಹಿ, ದಿನಾಂಕ ಪಡೆಯಿರಿ. ಇನ್‌ವರ್ಡಿನವರು ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರ ಸೆಪ್ಟೆಂಬರ್‌ನಿಂದ ಅದರಲ್ಲೇ ಸೇರಿಹೋಗಿದೆ. ಇಮೇಲ್ ಕೂಡ ಕಳಿಸಿ.

ಕಾರ್ಮಿಕ ಇಲಾಖೆ ಎಂದರೆ ಯಾವುದು ಎನ್ನುವಲ್ಲಿ ಎಷ್ಟೋ ಯೂನಿಯನ್‌ಗಳು ಎಡವುತ್ತವೆ. ಸಾಮಾನ್ಯ ಖಾಸಗಿ ಕಾರ್ಖಾನೆ, ಐಟಿ ಕಂಪನಿ, ನಗರಸಭೆ, ರಾಜ್ಯದ ಆಸ್ಪತ್ರೆ ಆದರೆ ರಾಜ್ಯದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ರೈಲ್ವೆ, ಗಣಿ, ಕೇಂದ್ರ ಸರ್ಕಾರದ ಉದ್ದಿಮೆ ಇವೆಲ್ಲ ಕೇಂದ್ರದ ವ್ಯಾಪ್ತಿ, ಅದಕ್ಕೆ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿ ಬೇರೆ. ತಪ್ಪಾದ ಕಚೇರಿಗೆ ಕೊಟ್ಟರೆ ಮೂರು ತಿಂಗಳು ಫೈಲು ಮಲಗಿದ ಮೇಲೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹ ಬರುತ್ತದೆ.

ನಾಲ್ಕು: ಹಳಬನಿಂದ ಬಾಕಿ ವಸೂಲಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ ಜಾಗಕ್ಕೆ ಈಗ ವೃತ್ತಿ ಸುರಕ್ಷತೆಯ ಸಂಹಿತೆ ಬಂದಿದೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಕಾಯ್ದೆ ಅನ್ವಯಿಸುತ್ತಿತ್ತು, ಈಗ ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ 50 ಜನ ಬೇಕು. ಸಣ್ಣ ಕಡೆ ಕೆಲಸ ಮಾಡುವವರಿಗೆ ಇದು ನಷ್ಟವೇ. ಆದರೆ ವೇತನ ಸಂಹಿತೆಯ ಸಂಬಳ ಪಾವತಿಯ ನಿಯಮಗಳಿಗೆ ಇಂಥ ಸಂಖ್ಯೆಯ ಗೆರೆ ಇಲ್ಲ. ಒಬ್ಬನೇ ಕೆಲಸಗಾರನಿದ್ದರೂ ಅವು ಅನ್ವಯಿಸುತ್ತವೆ.

ಕೆಲಸದಿಂದ ತೆಗೆದರೂ ನೀವೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. "ಬಿಲ್ ಆಗಿಲ್ಲ, ಕಂಪನಿ ದುಡ್ಡು ಹಾಕಿಲ್ಲ" ಎನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲೀಕ ಕೊಡಬೇಕು, ಆಮೇಲೆ ಆತ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. 1970ರ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಗುತ್ತಿಗೆದಾರ ಲೈಸೆನ್ಸಿಗಾಗಿ ಇಟ್ಟ ಠೇವಣಿಯಿಂದಲೇ ಸಂಬಳ ಕೊಡಿಸುವ ಅಧಿಕಾರವೂ ಸರ್ಕಾರಕ್ಕಿದೆ. ಅಂತಿಮ ಬಿಲ್ ತಡೆಹಿಡಿಯಿರಿ ಎಂದು ಪತ್ರದಲ್ಲಿ ಬರೆಸಿದ್ದು ಇದಕ್ಕೇ. ಬಿಲ್ ಪಾಸಾದ ಮೇಲೆ ಹಳಬನ ಫೋನು ಸ್ವಿಚ್ ಆಫ್.

ಜನ ಮರೆಯುವುದು ಬೋನಸ್ಸನ್ನು. ವರ್ಷದ ಮಧ್ಯದಲ್ಲಿ ಏಜೆನ್ಸಿ ಹೋದರೆ ಅಷ್ಟು ತಿಂಗಳ ಬೋನಸ್ ಅದೇ ಏಜೆನ್ಸಿಯ ಸಾಲ. ಆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಕನಿಷ್ಠ ಶೇ 8.33. ಹೊಸಬನನ್ನು ದೀಪಾವಳಿಗೆ ಕೇಳಿದರೆ ಅವನು ತನ್ನ ತಿಂಗಳುಗಳದ್ದು ಮಾತ್ರ ಕೊಡುತ್ತಾನೆ. ಹಳೆಯದನ್ನು ಏಪ್ರಿಲ್ಲಿನಲ್ಲೇ ಬರೆದು ಕೇಳಿ. ಬಳಸದೆ ಉಳಿದ ಗಳಿಕೆ ರಜೆಯ ಹಣವನ್ನೂ ಅದೇ ಪಟ್ಟಿಗೆ ಸೇರಿಸಿ.

ಗ್ರಾಚ್ಯುಟಿ, ಅಂದರೆ ಸೇವಾವಧಿಗೆ ತಕ್ಕಂತೆ ಕೊನೆಗೆ ಕೊಡುವ ಇಡುಗಂಟು ಮಾತ್ರ ಮುಳ್ಳಿನ ಗಿಡ. ಐದು ವರ್ಷ ತುಂಬಿದರೆ ವರ್ಷಕ್ಕೆ 15 ದಿನದ ಸಂಬಳ, ಅದಕ್ಕೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗಿ ಪ್ರತಿ ಸಲವೂ ಹೊಸ ನೇಮಕಾತಿ ಎಂದರೆ ಐದು ವರ್ಷ ಯಾವತ್ತೂ ತುಂಬುವುದಿಲ್ಲ. ನಿಮ್ಮ ನೇಮಕಾತಿ ಪತ್ರ ಓದಿ ನೋಡಿ. "ಟೆಂಡರ್ ಅವಧಿ ಮುಗಿದ ದಿನ ಈ ನೇಮಕವೂ ಮುಗಿಯುತ್ತದೆ" ಎಂದಿದ್ದರೆ ತೆಗೆದುಹಾಕಿದ್ದಕ್ಕೆ ಪರಿಹಾರ ಕೇಳುವ ವಾದ ದುರ್ಬಲವಾಗುತ್ತದೆ. ಆದರೆ ಅದೇ ವಾಕ್ಯ ನಿಮ್ಮನ್ನು ನಿಗದಿತ ಅವಧಿಯ ನೌಕರ ಎಂದು ತೋರಿಸುವುದರಿಂದ, ಹೊಸ ಸಂಹಿತೆಯಡಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೇಳಲು ದಾರಿಯಾಗುತ್ತದೆ. ಏಜೆನ್ಸಿಯ ವಕೀಲರು ಎರಡು ಕಡೆಯೂ ತಿನ್ನಲು ನೋಡುತ್ತಾರೆ, ಬಿಡಬೇಡಿ.

ಅನುಭವ ಪತ್ರ ಕೇಳಿ. ಕೇಳಿದರೆ ಗುತ್ತಿಗೆದಾರ ಕೊಡಲೇಬೇಕು ಎಂದು ಸಂಹಿತೆಯಲ್ಲೇ ಇದೆ.

ಐದು: ಸಹಿ ಹಾಕಿಸುವ ದಿನ

ಹೊಸ ಏಜೆನ್ಸಿಯವರು ಒಂದು ಕಟ್ಟು ಕಾಗದ ತಂದು, "ಬೇಗ ಸಹಿ ಹಾಕಿ, ಹಿಂದೆ ಲೈನ್ ಇದೆ" ಎನ್ನುತ್ತಾರೆ. ಆ ಕಟ್ಟಿನ ನಡುವೆ ಹಳೆಯ ಏಜೆನ್ಸಿಗೆ ನೀವು ಕೊಡುವಂತೆ ಬರೆದ ರಾಜೀನಾಮೆ ಪತ್ರ ಇರುತ್ತದೆ, ಎಲ್ಲ ಬಾಕಿ ಪಡೆದಿದ್ದೇನೆ ಎಂಬ ರಸೀದಿ ಇರುತ್ತದೆ, ಒಮ್ಮೊಮ್ಮೆ ಖಾಲಿ ಹಾಳೆಯೂ ಇರುತ್ತದೆ. ಕೆಲಸ ಮುಂದುವರಿಯುತ್ತಿರುವಾಗ ರಾಜೀನಾಮೆ ಯಾಕೆ? ರಾಜೀನಾಮೆ ಕೊಟ್ಟವನಿಗೆ ತೆಗೆದುಹಾಕಿದ ಪರಿಹಾರ ಇಲ್ಲ, ಅದಕ್ಕೆ.

ಪ್ರತಿ ಹಾಳೆಯ ಫೋಟೊ ತೆಗೆಯಿರಿ. ಓದಲು ಬಾರದವರ ಪಕ್ಕದಲ್ಲಿ ಯೂನಿಯನ್ನಿನ ಒಬ್ಬರು ನಿಲ್ಲಲಿ. ಸಹಿ ಹಾಕದೆ ಗತಿಯಿಲ್ಲ, ಹಾಕದಿದ್ದರೆ ನಾಳೆ ಗೇಟ್ ಪಾಸ್ ಇಲ್ಲ ಎನ್ನುವ ಸ್ಥಿತಿ ಬಂದರೆ ಸಹಿಯ ಪಕ್ಕದಲ್ಲೇ ಕೈಯಲ್ಲಿ ಬರೆಯಿರಿ: "ಹಿಂದಿನ ಸೇವೆಯ ಎಲ್ಲ ಹಕ್ಕುಗಳನ್ನು ಉಳಿಸಿಕೊಂಡು ಸಹಿ ಮಾಡಿದ್ದೇನೆ." ಅದನ್ನೂ ಬರೆಯಲು ಬಿಡದಿದ್ದರೆ ಅದೇ ದಿನ ಸಂಜೆ, ಬಲವಂತವಾಗಿ ಸಹಿ ಪಡೆದರು ಎಂದು ಎಲ್ಲರ ಪರವಾಗಿ ಕಾರ್ಮಿಕ ಅಧಿಕಾರಿಗೆ ಪತ್ರ ಕೊಡಿ. ಆರು ತಿಂಗಳ ನಂತರ ಕೊಟ್ಟರೆ ಯಾರೂ ನಂಬುವುದಿಲ್ಲ.

ಸೇರಿಸಿಕೊಳ್ಳಲು ದುಡ್ಡು ಕೇಳುತ್ತಾರೆ. ಯೂನಿಫಾರ್ಮ್ ಡೆಪಾಸಿಟ್, ಪೊಲೀಸ್ ವೆರಿಫಿಕೇಶನ್ ಖರ್ಚು, ಇಲ್ಲವೇ ಸೀದಾ "ಒಂದು ತಿಂಗಳ ಸಂಬಳ". ಕೊಡಬೇಡಿ. ಕೊಟ್ಟಾಗಿದ್ದರೆ ಫೋನ್‌ಪೇ, ಗೂಗಲ್ ಪೇ ದಾಖಲೆ ಇಟ್ಟುಕೊಳ್ಳಿ, ಅದು ಯಾರ ಖಾತೆಗೆ ಹೋಯಿತು ಎನ್ನುವುದು ಕಂಪನಿಯ ಎಚ್‌ಆರ್‌ಗೆ ಗೊತ್ತಾದರೆ ಹಣ ಬಹುಪಾಲು ವಾಪಸು ಬರುತ್ತದೆ.

ಹೊಸ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಈಗ ಅದು ಕಡ್ಡಾಯ.

ಆರು: ಪಿಎಫ್, ಇಎಸ್‌ಐ

ಯುಎಎನ್ ಒಂದೇ, ಜೀವನಪೂರ್ತಿ. ಹೊಸ ಏಜೆನ್ಸಿಯ ಆಪರೇಟರ್ ನಿಮ್ಮ ಹೆಸರಿನ ಒಂದಕ್ಷರ ತಪ್ಪಿಸಿ ಹೊಸ ಯುಎಎನ್ ಮಾಡಿಬಿಟ್ಟರೆ ಆಮೇಲೆ ಎರಡನ್ನೂ ಒಂದು ಮಾಡಿಸಲು ಚಪ್ಪಲಿ ಸವೆಯುತ್ತದೆ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಹಳೆಯ ಯುಎಎನ್ ಎರಡನ್ನೂ ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ಹಳೆಯ ಗುತ್ತಿಗೆದಾರ ನೀವು ಕೆಲಸ ಬಿಟ್ಟ ದಿನಾಂಕ ನಮೂದಿಸದೆ ಓಡಿಹೋಗಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಬಿಟ್ಟ ದಿನಾಂಕಕ್ಕೂ ಸೇರಿದ ದಿನಾಂಕಕ್ಕೂ ನಡುವೆ ಸುಳ್ಳು ಅಂತರ ಬಿಡಬೇಡಿ.

ಹಳೆಯ ಖಾತೆಯ ಹಣವನ್ನು ಹಿಂದೆಗೆಯಬೇಡಿ, ವರ್ಗಾಯಿಸಿ. 10 ವರ್ಷದ ಸೇವೆ ಕೂಡಿದರೆ ಪಿಂಚಣಿ ಬರುತ್ತದೆ. ಏಜೆನ್ಸಿ ಬದಲಾದಾಗಲೆಲ್ಲ ಪಿಂಚಣಿ ಹಣವನ್ನೂ ತೆಗೆದು ಟಿವಿ, ಬೈಕು ತಂದವರು 58ಕ್ಕೆ ಕೈ ಖಾಲಿ ಮಾಡಿಕೊಂಡು ಕೂತದ್ದನ್ನು ನೋಡಿದ್ದೇನೆ.

ಪ್ರತಿ ತಿಂಗಳ ಕಂತು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೊದಲ ಎರಡು ತಿಂಗಳು ಪಾಸ್‌ಬುಕ್ ತಪ್ಪದೆ ನೋಡಿ. ಪಿಎಫ್ ಬಾಕಿಗೂ ಮೂಲ ಮಾಲೀಕನೇ ಕೊನೆಯ ಹೊಣೆಗಾರ, ಇಎಸ್‌ಐಗೂ ಹಾಗೆಯೇ. ಇಎಸ್‌ಐ ನಂಬರೂ ಬದಲಾಗಬಾರದು. ಕಾಯಿಲೆ ರಜೆಯ ಭತ್ಯೆಗೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು, ಹೊಸಬ ಮೂರು ತಿಂಗಳು ಕಟ್ಟದೆ ಕೂತರೆ ಆ ಲೆಕ್ಕ ತಪ್ಪುತ್ತದೆ.

ಏಳು: ಮೂಲ ಮಾಲೀಕನನ್ನು ಒಪ್ಪಂದಕ್ಕೆ ತನ್ನಿ

ಹಳೆಯ ಗುತ್ತಿಗೆದಾರನ ಜೊತೆ ಹೋರಾಡಿ ಗಳಿಸಿದ ಒಪ್ಪಂದ ಹೊಸಬನಿಗೆ ತಾನಾಗಿ ಅಂಟುವುದಿಲ್ಲ. ಒಪ್ಪಂದ ಉದ್ಯೋಗದಾತನ ಉತ್ತರಾಧಿಕಾರಿಗೂ ಬದ್ಧ ಎಂದು ಕಾನೂನು ಹೇಳುತ್ತದೆ ನಿಜ. ಆದರೆ ಹೊಸಬ "ನಾನು ಅವನಿಂದ ಏನೂ ಕೊಂಡಿಲ್ಲ, ನನಗೆ ಕಂಪನಿ ಕೆಲಸ ಕೊಟ್ಟಿದೆ" ಎನ್ನುತ್ತಾನೆ. ಆ ವಾದ ನಿಲ್ಲಲೂಬಹುದು. ಹಾಗಾಗಿ ರಾಜಿ ಸಂಧಾನದಲ್ಲಿ, ಅಧಿಕಾರಿಯ ಮುಂದೆ, ಕಂಪನಿಯೂ ಸಹಿ ಹಾಕುವ ಒಪ್ಪಂದ ಮಾಡಿಸಿ. ಒಂದು ವಾಕ್ಯ ಸೇರಿಸಿದರೂ ಸಾಕು: ಗುತ್ತಿಗೆದಾರರು ಬದಲಾದರೂ ಪಟ್ಟಿಯಲ್ಲಿರುವ ಕಾರ್ಮಿಕರ ಸೇವೆ ಮತ್ತು ಸಂಬಳ ಮುಂದುವರಿಯತಕ್ಕದ್ದು, ಈ ಷರತ್ತನ್ನು ಮುಂದಿನ ಎಲ್ಲ ಟೆಂಡರ್‌ಗಳಲ್ಲಿ ಸೇರಿಸತಕ್ಕದ್ದು. ಸಂಧಾನದಲ್ಲಿ ಆದ ಒಪ್ಪಂದ ಯೂನಿಯನ್ ಸದಸ್ಯರಲ್ಲದವರಿಗೂ ಅನ್ವಯಿಸುತ್ತದೆ. ಖಾಸಗಿಯಾಗಿ ಕೂತು ಮಾಡಿಕೊಂಡದ್ದು ಸಹಿ ಹಾಕಿದವರಿಗೆ ಮಾತ್ರ.

ಯೂನಿಯನ್ನಿನ ಹೆಸರೂ ಕೆಲಸದ ಜಾಗದ ಮೇಲಿರಲಿ, ಏಜೆನ್ಸಿಯ ಮೇಲಲ್ಲ. ಏಜೆನ್ಸಿಯ ಹೆಸರಿನಲ್ಲಿ ನೋಂದಾಯಿಸಿದ ಯೂನಿಯನ್ ಒಂದು ಟೆಂಡರಿಗೇ ಅನಾಥವಾದದ್ದಿದೆ. ಗುತ್ತಿಗೆದಾರರನ್ನೇ ನಡುವಿನಿಂದ ತೆಗೆಸುವುದು ದೊಡ್ಡ ಗುರಿ, ಆಗದ ಮಾತೂ ಅಲ್ಲ. ಬೆಂಗಳೂರಿನ ಪೌರಕಾರ್ಮಿಕರಿಗೆ 2018ರಲ್ಲಿ ಪಾಲಿಕೆಯಿಂದಲೇ ನೇರ ಪಾವತಿ ಶುರುವಾದದ್ದು ವರ್ಷಗಟ್ಟಲೆ ಹೋರಾಟದ ಫಲ.

ಏಪ್ರಿಲ್ 1ರ ಬೆಳಿಗ್ಗೆ ಗೇಟಿನ ಮುಂದೆ ಕೂರುವ ಆಸೆ ಎಲ್ಲರಿಗೂ ಬರುತ್ತದೆ. ಹೊಸ ಸಂಹಿತೆಯಲ್ಲಿ ಯಾವುದೇ ಉದ್ದಿಮೆಯಲ್ಲಿ ಮುಷ್ಕರಕ್ಕೆ ಕನಿಷ್ಠ 14 ದಿನದ ನೋಟಿಸ್ ಬೇಕು, ಸಂಧಾನ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಕ್ಯಾಶುವಲ್ ಲೀವ್ ಹಾಕಿದರೂ ಅದು ಮುಷ್ಕರವೇ. ಕಾನೂನುಬಾಹಿರ ಮುಷ್ಕರ ಎಂಬ ನೆಪ ಹೊಸ ಏಜೆನ್ಸಿಗೆ ಕೈಯಾರೆ ಕೊಟ್ಟಂತಾಗುತ್ತದೆ. ಕೆಲಸಕ್ಕೆ ಹಾಜರಾಗಿ, ಒಳಗೆ ಬಿಡದಿದ್ದರೆ ಗೇಟಿನ ಎದುರು ಸಮಯ ಕಾಣುವಂತೆ ಫೋಟೊ ತೆಗೆದು, "ಕೆಲಸಕ್ಕೆ ಬಂದಿದ್ದೇವೆ, ಬಿಡುತ್ತಿಲ್ಲ" ಎಂದು ಅಲ್ಲಿಂದಲೇ ಇಮೇಲ್ ಮಾಡಿ. ಮೂರು ದಿನ ಹಾಗೆ ಮಾಡಿ. ಇಲ್ಲದಿದ್ದರೆ ಅವರೇ ಬರಲಿಲ್ಲ ಎಂಬ ಕತೆ ಹುಟ್ಟುತ್ತದೆ.

ಬಿಟ್ಟೇ ಬಿಟ್ಟರೆ

ಕೈಬಿಟ್ಟವರ ಹೆಸರು ನೋಡಿ. ಅದರಲ್ಲಿ ಯೂನಿಯನ್ ಪದಾಧಿಕಾರಿಗಳೇ ತುಂಬಿದ್ದರೆ, ಕಿರಿಯರನ್ನು ಇಟ್ಟುಕೊಂಡು ಹಿರಿಯರನ್ನು ಬಿಟ್ಟಿದ್ದರೆ ಅದನ್ನೇ ದೂರಿನ ಮೊದಲ ಸಾಲು ಮಾಡಿ. ವಿವಾದವನ್ನು ಕಾರ್ಮಿಕ ಅಧಿಕಾರಿಯ ಮುಂದೆ ಎತ್ತಲು ಎರಡು ವರ್ಷದ ಗಡುವು, ರಾಜಿ ಮುರಿದ ವರದಿ ಕೈಗೆ ಬಂದ ಮೇಲೆ ನ್ಯಾಯಮಂಡಳಿಗೆ 90 ದಿನ. ಸಂಬಳದ ಬಾಕಿಗೆ ಮೂರು ವರ್ಷ. ಎದುರು ಪಕ್ಷದಲ್ಲಿ ಹಳೆಯ ಗುತ್ತಿಗೆದಾರ, ಹೊಸ ಗುತ್ತಿಗೆದಾರ, ಮೂಲ ಮಾಲೀಕ ಮೂವರನ್ನೂ ಸೇರಿಸಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ.

ಹೊಸ ಏಜೆನ್ಸಿ ಬಂದು ಗಲಾಟೆ ತಣ್ಣಗಾದ ಮೇಲೆ ಅವರ ವರ್ಕ್ ಆರ್ಡರಿನ ಕೊನೆಯ ದಿನಾಂಕ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಆರು ತಿಂಗಳ ಹಿಂದಿನ ದಿನಕ್ಕೆ ಯೂನಿಯನ್ ಆಫೀಸಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿಡಿ.